ಡಬ್ಬಿಯಲ್ಲಿ ಇಲ್ಲದ 4.2

ಹೋದ ಭಾನುವಾರ ಬೆಳಿಗ್ಗೆ ತಿಂಡಿ ತಟ್ಟೆ ಇನ್ನೂ ಕೈಯಲ್ಲೇ ಇತ್ತು. ಮೇಲಿನ ಮನೆಯ ಹುಡುಗ ಬಾಗಿಲಲ್ಲಿ ನಿಂತಿದ್ದ. ಎಂಜಿನಿಯರಿಂಗ್ ಮೂರನೇ ವರ್ಷ. ಕೈಯಲ್ಲಿ 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟು. ಅವನು ಬಾಯಿ ಬಿಡುವ ಮೊದಲೇ ನನಗೆ ವಿಷಯ ಗೊತ್ತಾಯಿತು. ಟ್ಯಾಪ್ ಮುರಿದುಕೊಂಡು ಬಂದವರ ಮುಖ ಒಂದೇ ಥರ ಇರುತ್ತದೆ.

"ಆಂಟಿ, ಸುಮ್ನೆ ತಿರುಗಿಸ್ತಾ ಇದ್ದೆ, ಟಕ್ ಅಂತು."

ಒಳಗಿದ್ದ ನಮ್ಮತ್ತೆ ಅದನ್ನು ಕೇಳಿಸಿಕೊಂಡು, "ಯಾವ ಟ್ಯಾಪು, ಬಚ್ಚಲುಮನೇದಾ? ಪ್ಲಂಬರ್‌ಗೆ ಫೋನ್ ಮಾಡಿ" ಅಂದರು. ಇದು ನೀರಿನ ನಲ್ಲಿಯ ಟ್ಯಾಪ್ ಅಲ್ಲ. ರಂಧ್ರದ ಒಳಗೆ ಸ್ಕ್ರೂ ಹಿಡಿಯುವ ಸುರುಳಿ ಗೀರು, ಅಂದರೆ ಥ್ರೆಡ್, ಕೊರೆಯುತ್ತೇವಲ್ಲ, ಆ ಸಾಧನ. ಗಟ್ಟಿ ಉಕ್ಕಿನದು. ಗಾಜಿನ ಹಾಗೆ ಬಾಗದೆ ಮುರಿಯುತ್ತದೆ. ಮುರಿದ ಮೇಲೆ ಅದನ್ನು ಡ್ರಿಲ್ ಹಾಕಿ ತೆಗೆಯೋಣ ಅಂದರೆ ಡ್ರಿಲ್ ಬಿಟ್ಟಿನಷ್ಟೇ ಅದೂ ಗಟ್ಟಿ.

ನಾನು ಪೀಣ್ಯದಲ್ಲಿ, ಕೊರೆಯುವಾಗ ತುಂಡನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜಿಗ್, ಫಿಕ್ಸ್‌ಚರ್ ಮಾಡುವ ಪುಟ್ಟ ಶೆಡ್ ನಡೆಸುತ್ತೇನೆ. ನಾಲ್ಕು ಜನ, ಒಂದು ಮಿಲ್ಲಿಂಗ್ ಮಶೀನು, ಎರಡು ಡ್ರಿಲ್ಲಿಂಗ್ ಮಶೀನು, ಒಂದು ಮುದಿ ಲೇತ್. ದಿನಾ ಎಷ್ಟು ರಂಧ್ರಕ್ಕೆ ಟ್ಯಾಪ್ ಹೊಡೆಯುತ್ತೇವೆ ಅಂತ ಲೆಕ್ಕ ಇಟ್ಟಿಲ್ಲ. ಹಾಗಾಗಿ ಅಪಾರ್ಟ್‌ಮೆಂಟಿನಲ್ಲಿ ಯಾರಿಗೆ ಏನು ಕೊರೆಯಬೇಕಾದರೂ ನಮ್ಮ ಮನೆಯ ಬೆಲ್ ಒತ್ತುತ್ತಾರೆ.

"ಎಷ್ಟರ ಟ್ಯಾಪು?" ಅಂದೆ.

"ಎಂ5." ಅಂದರೆ 5 ಮಿ.ಮೀ. ದಪ್ಪದ ಸ್ಕ್ರೂವಿನದು.

"ಡ್ರಿಲ್ ಎಷ್ಟು ಹಾಕಿದೆ?"

"4."

"ಯಾಕೆ 4?"

ಹುಡುಗ ಮೇಲೆ ಓಡಿಹೋಗಿ ತನ್ನ ಡ್ರಿಲ್ ಡಬ್ಬಿ ತಂದ. ಹಳದಿ ಪ್ಲಾಸ್ಟಿಕ್ ಡಬ್ಬಿ. ಎಲ್ಲರ ಮನೆಯಲ್ಲೂ ಇರುತ್ತಲ್ಲ, 1ರಿಂದ 10ರ ತನಕ ಅರ್ಧರ್ಧ ಮಿಲ್ಲಿಮೀಟರ್ ಏರುತ್ತಾ ಹೋಗುವ 19 ಬಿಟ್ಟುಗಳ ಸೆಟ್ಟು. "4 ಇದೆ, 4.5 ಇದೆ. 4.5 ದೊಡ್ಡದಾಗುತ್ತೆ ಅನ್ನಿಸ್ತು. ಚಿಕ್ಕದು ಹಾಕಿದರೆ ಗಟ್ಟಿಯಾಗಿ ಹಿಡಿಯುತ್ತೆ ಅಲ್ವಾ?"

ಅಲ್ಲೇ ಇರುವುದು ಎಡವಟ್ಟು. ಇವನೊಬ್ಬನದಲ್ಲ, ನಾನೂ ಒಂದು ಕಾಲದಲ್ಲಿ ಹೀಗೇ ಯೋಚಿಸಿದವಳು.

ಟ್ಯಾಪ್ ಡ್ರಿಲ್ಲಿಗೆ, ಅಂದರೆ ಟ್ಯಾಪ್ ಹೊಡೆಯುವ ಮೊದಲು ರಂಧ್ರ ಕೊರೆಯುವ ಬಿಟ್ಟಿಗೆ, ಒಂದು ಸುಲಭದ ಲೆಕ್ಕ ಇದೆ. ಸ್ಕ್ರೂವಿನ ದಪ್ಪದಿಂದ ಅದರ ಪಿಚ್ ಕಳೆಯಬೇಕು. ಪಿಚ್ ಅಂದರೆ ಒಂದು ಥ್ರೆಡ್ಡಿನ ತುದಿಯಿಂದ ಪಕ್ಕದ ಥ್ರೆಡ್ಡಿನ ತುದಿಗೆ ಇರುವ ದೂರ. ಎಂ6ಕ್ಕೆ ಪಿಚ್ 1, ಡ್ರಿಲ್ 5. ಎಂ3ಕ್ಕೆ ಪಿಚ್ 0.5, ಡ್ರಿಲ್ 2.5. ಎಂ10ಕ್ಕೆ ಪಿಚ್ 1.5, ಡ್ರಿಲ್ 8.5. ಈ ಮೂರೂ ಹಳದಿ ಡಬ್ಬಿಯಲ್ಲಿ ಸಿಗುತ್ತವೆ. ಹೊಸಬರು ಸಾಮಾನ್ಯವಾಗಿ ಎಂ6ರಿಂದ ಶುರು ಮಾಡುತ್ತಾರೆ. ಚೆನ್ನಾಗಿ ಬರುತ್ತದೆ. ಡಬ್ಬಿಯ ಮೇಲೆ ನಂಬಿಕೆ ಕೂರುತ್ತದೆ.

ಆಮೇಲೆ ಎಂ4 ಬರುತ್ತದೆ. ಪಿಚ್ 0.7. ಡ್ರಿಲ್ 3.3 ಬೇಕು. ಎಂ5ಕ್ಕೆ ಪಿಚ್ 0.8, ಡ್ರಿಲ್ 4.2. ಎಂ8ಕ್ಕೆ ಪಿಚ್ 1.25, ಡ್ರಿಲ್ 6.8. ಎಂ12ಕ್ಕೆ ಪಿಚ್ 1.75, ಡ್ರಿಲ್ 10.2. ಇವು ಯಾವುವೂ ಆ ಡಬ್ಬಿಯಲ್ಲಿ ಇಲ್ಲ. ಮನೆಯಲ್ಲಿ, ಬೈಕಿನಲ್ಲಿ, ಸಣ್ಣಪುಟ್ಟ ಮಶೀನಿನಲ್ಲಿ ಜಾಸ್ತಿ ಬಳಕೆಯಾಗುವ ಎಂ4, ಎಂ5, ಎಂ8ಕ್ಕೇ ಬಿಟ್ಟು ಇಲ್ಲ! ಡಬ್ಬಿಯವರದ್ದು ತಪ್ಪು ಅನ್ನಲಾರೆ. ಅದು ರಂಧ್ರ ಕೊರೆಯುವ ಸೆಟ್ಟು, ಥ್ರೆಡ್ ಕೊರೆಯುವ ಸೆಟ್ಟು ಅಲ್ಲ. ಆದರೆ ಅದನ್ನು ಕೊಳ್ಳುವಾಗ ಯಾರೂ ಹೇಳುವುದಿಲ್ಲ.

ಹುಡುಗನ ರಂಧ್ರದಲ್ಲಿ ನಡೆದದ್ದು ಇಷ್ಟು. ಎಂ5 ನಟ್ಟಿನ ಒಳ ಅಳತೆ ಲೆಕ್ಕದ ಪ್ರಕಾರ 4.134 ಮಿ.ಮೀ. ಇವನು ಕೊರೆದದ್ದು 4. ಅಂದರೆ ಥ್ರೆಡ್ಡಿನ ಬುಡದ ತನಕ ಲೋಹ ತುಂಬಿಕೊಂಡಿದೆ. ಟ್ಯಾಪ್ ಕತ್ತರಿಸಿದ ಚೂರಿಗೆ ಹೋಗಲು ಜಾಗ ಇಲ್ಲ. ಅದರಲ್ಲೂ ಅಲ್ಯೂಮಿನಿಯಂ ಮೆತ್ತಗೆ, ಟ್ಯಾಪಿನ ಹಲ್ಲಿಗೆ ಅಂಟಿಕೊಳ್ಳುವ ಸ್ವಭಾವದ್ದು. ಎಣ್ಣೆ ಹಾಕಿದ್ದೆಯಾ ಅಂತ ಕೇಳಿದೆ. ಇಲ್ಲವಂತೆ. ಹಿಂದಕ್ಕೆ ತಿರುಗಿಸಿ ಚೂರು ಮುರಿದೆಯಾ? ಅದೂ ಇಲ್ಲ. ಮೂರು ತಪ್ಪು ಒಟ್ಟಿಗೆ ಸೇರಿದ ಮೇಲೆ ಪಾಪ ಟ್ಯಾಪ್ ತಾನೇ ಏನು ಮಾಡೀತು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. 1998. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ವರ್ಕ್‌ಶಾಪಿಗೆ ಸೇರಿ ಎರಡು ತಿಂಗಳಾಗಿತ್ತು. ಅಲ್ಲಿದ್ದ ಹುಡುಗಿ ನಾನೊಬ್ಬಳೇ. ಮೇಸ್ತ್ರಿ ನನ್ನನ್ನು "ಮೇಡಂ" ಅನ್ನುತ್ತಿದ್ದರು, ಗೌರವಕ್ಕೆ ಅಂತ ನಾನು ತಿಳಿದಿದ್ದೆ. ಆವತ್ತು ಒಂದು ಇಎನ್8 ಉಕ್ಕಿನ ಪ್ಲೇಟಿಗೆ 16 ಎಂ8 ರಂಧ್ರ. 6.8ರ ಬಿಟ್ಟು ಮೊಂಡಾಗಿತ್ತು. ಸ್ಟೋರಿನವನು ಊಟಕ್ಕೆ ಹೋಗಿದ್ದ. ಪಕ್ಕದಲ್ಲಿ ಹೊಸ 6.5 ಫಳಫಳ ಅನ್ನುತ್ತಿತ್ತು. 0.3 ತಾನೇ, ತಲೆಕೂದಲು ಮೂರೋ ನಾಲ್ಕೋ ಜೋಡಿಸಿದಷ್ಟು. ಹದಿನಾರನ್ನೂ 6.5ರಲ್ಲಿ ಕೊರೆದೆ.

ಟ್ಯಾಪ್ ಹೊಡೆಯುವಾಗ ಮೊದಲನೆಯದರಲ್ಲೇ ಕೈ ನೋಯಿತು. ಮೂರು ಟ್ಯಾಪಿನ ಸೆಟ್ಟು ಅದು. ಒಂದು ಗೆರೆ ಇದ್ದದ್ದು ಮೊದಲು, ಎರಡು ಗೆರೆಯದು ಆಮೇಲೆ, ಗೆರೆ ಇಲ್ಲದ್ದು ಕೊನೆಗೆ. ಒಂದು ಗೆರೆಯದೇ ಹಿಂದೆಮುಂದೆ ಮಾಡಿ ಮಾಡಿ ಇಳಿಯಬೇಕಾಯಿತು. ಕಿರ್ ಕಿರ್ ಅಂತ ಸದ್ದು. ನನಗೆ ಶಕ್ತಿ ಸಾಲದು ಅಂತ ಅಂದುಕೊಂಡೆ. ಗಂಡಸರ ನಡುವೆ ಕೆಲಸ ಮಾಡುವಾಗ ಮನಸ್ಸಿಗೆ ಮೊದಲು ಬರುವುದು ಅದೇ. ಉದ್ದನೆಯ ಹ್ಯಾಂಡಲ್ ಹಾಕಿಕೊಂಡೆ. ಹನ್ನೊಂದು ರಂಧ್ರ ಹೇಗೋ ಮುಗಿಯಿತು. ಹನ್ನೆರಡನೆಯದರಲ್ಲಿ ಹ್ಯಾಂಡಲ್ ಹಠಾತ್ತನೆ ಹಗುರವಾಯಿತು. ಆ ಹಗುರ ಗೊತ್ತಿದ್ದವರಿಗೆ ಗೊತ್ತು. ಹೊಟ್ಟೆಯೊಳಗೆ ತಣ್ಣಗಾಗುತ್ತದೆ.

ಮೇಸ್ತ್ರಿ ಬಂದರು. ಬೈಯಲಿಲ್ಲ. ಜೇಬಿನಿಂದ ಚಾಕ್‌ಪೀಸ್ ತೆಗೆದು ಮಶೀನಿನ ಮೇಜಿನ ಮೇಲೆ ಒಂದು ದೊಡ್ಡ ವಿ ಆಕಾರ ಬರೆದರು. "ಇದು ಟ್ಯಾಪ್ ಕೊರೆಯೋ ಕಾಲುವೆ. ತಳದಲ್ಲಿ ಕಿರಿದು, ಬಾಯಲ್ಲಿ ಅಗಲ. ನೀನು ಚಿಕ್ಕ ಡ್ರಿಲ್ ಹಾಕಿದರೆ ಲೋಹ ಜಾಸ್ತಿಯಾಗೋದು ಬಾಯಿ ಹತ್ತಿರ. ಅಗಲ ಇರೋ ಕಡೆ." ಆವತ್ತಿನಿಂದ ನಾನು ಅವರಿಗೆ ಮೇಡಂ ಅಲ್ಲ, "ನೀನು". ಅದೇ ನಿಜವಾದ ಗೌರವ ಅಂತ ಅರ್ಥವಾಗಲು ಇನ್ನೂ ಎರಡು ವರ್ಷ ಬೇಕಾಯಿತು.

ರಾತ್ರಿ ಮನೆಗೆ ಹೋಗಿ ಲೆಕ್ಕ ಹಾಕಿದೆ. 6.8ರ ರಂಧ್ರದಲ್ಲಿ ಟ್ಯಾಪ್ ಒಂದೊಂದು ಬದಿ 0.6 ಮಿ.ಮೀ. ಆಳ ಕೊರೆಯಬೇಕು. 6.5ರಲ್ಲಿ 0.75. ಆಳ ಜಾಸ್ತಿಯಾದದ್ದು ಕಾಲು ಭಾಗ. ಆದರೆ ವಿ ಆಕಾರದ ವಿಸ್ತೀರ್ಣ ಲೆಕ್ಕ ಹಾಕಿದರೆ ತೆಗೆಯಬೇಕಾದ ಲೋಹ ಸುಮಾರು ಒಂದೂವರೆ ಪಟ್ಟು! ಆ ಒಂದೂವರೆ ಪಟ್ಟು ಲೋಹ ಹೋಗಬೇಕಾದ ದಾರಿ ಮೊದಲಿಗಿಂತ ಕಿರಿದು. ಕೈ ನೋಯದೆ ಇನ್ನೇನಾಗುತ್ತದೆ.

ಮುರಿದ ತುಂಡು ಸಿಕ್ಕಿಕೊಂಡಿದ್ದ ಪ್ಲೇಟನ್ನು ಪಕ್ಕದ ರಸ್ತೆಯ ಸ್ಪಾರ್ಕ್ ಇರೋಷನ್ ಶಾಪಿಗೆ ಕಳಿಸಿದರು. ಎಣ್ಣೆಯೊಳಗೆ ತಾಮ್ರದ ಕಡ್ಡಿಯಿಂದ ಕಿಡಿ ಹಾರಿಸಿ ಟ್ಯಾಪಿನ ನಡುವನ್ನು ತಿನ್ನಿಸುತ್ತಾರೆ, ಉಳಿದ ಚೂರು ಉದುರುತ್ತದೆ. ಉಳಿದ ನಾಲ್ಕು ರಂಧ್ರವನ್ನು 6.8ಕ್ಕೆ ಮತ್ತೆ ಡ್ರಿಲ್ ಹಾಕಿ ಹೊಡೆದೆ. ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು.

ಈಗ ಯಾರಾದರೂ "ಚಿಕ್ಕ ರಂಧ್ರ ಗಟ್ಟಿ ಅಲ್ವಾ" ಅಂದರೆ ನಾನು ಶೇಕಡಾ ಲೆಕ್ಕ ತೋರಿಸುತ್ತೇನೆ. ಥ್ರೆಡ್ ಪೂರ್ತಿ ಆಳ ಇದ್ದರೆ 100. ನಮ್ಮ ರಂಧ್ರದಲ್ಲಿ ಎಷ್ಟು ಸಿಗುತ್ತದೆ? ಸ್ಕ್ರೂವಿನ ದಪ್ಪದಿಂದ ಡ್ರಿಲ್ಲಿನ ಅಳತೆ ಕಳೆದು, 77ರಿಂದ ಗುಣಿಸಿ, ಪಿಚ್ಚಿನಿಂದ ಭಾಗಿಸಿ. ಎಂ5ಕ್ಕೆ 4.2 ಹಾಕಿದರೆ 77 ಬರುತ್ತದೆ. ದಪ್ಪದಿಂದ ಪಿಚ್ ಕಳೆಯುವ ಲೆಕ್ಕದಲ್ಲಿ ಯಾವಾಗಲೂ 77ರ ಸುತ್ತಮುತ್ತಲೇ. ಹುಡುಗನ 4ಕ್ಕೆ 96. ನನ್ನ 6.5ಕ್ಕೆ 92. ಎಂ4ಕ್ಕೆ 3 ಹಾಕಿದರೆ 110. ನೂರಕ್ಕಿಂತ ಜಾಸ್ತಿ ಅಂದರೆ ಅದು ಥ್ರೆಡ್ ಕೊರೆಯುವುದಲ್ಲ, ಟ್ಯಾಪನ್ನು ಹೂಳುವುದು.

77 ಸಾಕಾ ಅಂದರೆ ಧಾರಾಳವಾಗಿ ಸಾಕು. ವರ್ಕ್‌ಶಾಪ್ ಕೈಪಿಡಿಗಳಲ್ಲಿ ಹಳೆಯ ಮಾತೊಂದಿದೆ. ಶೇ. 75ರಿಂದ 100ಕ್ಕೆ ಹೋದರೆ ಥ್ರೆಡ್ಡಿನ ಬಲ ಹೆಚ್ಚುವುದು ಶೇ. 5ರಷ್ಟು, ಟ್ಯಾಪ್ ತಿರುಗಿಸಲು ಬೇಕಾಗುವ ಬಲ ಮೂರು ಪಟ್ಟು. ಉಕ್ಕಿನಲ್ಲಿ ಬೋಲ್ಟಿನ ದಪ್ಪದಷ್ಟು ಆಳ ಥ್ರೆಡ್ ಸಿಕ್ಕರೆ, ಎಳೆದಾಗ ಸಾಮಾನ್ಯವಾಗಿ ಬೋಲ್ಟೇ ಮೊದಲು ತುಂಡಾಗುತ್ತದೆ. ಬೀಡು (ಎರಕದ ಕಬ್ಬಿಣ), ಅಲ್ಯೂಮಿನಿಯಂ ಆದರೆ ಒಂದೂವರೆಯಿಂದ ಎರಡು ಪಟ್ಟು ಆಳ ಕೊಡುತ್ತೇವೆ. ಗಟ್ಟಿತನ ಬೇಕಾದರೆ ಆಳದಲ್ಲಿ ಹುಡುಕಿ. ರಂಧ್ರವನ್ನು ಬಿಗಿ ಮಾಡಿ ಸಿಗುವುದು ಮುರಿದ ಟ್ಯಾಪ್ ಮಾತ್ರ.

ಹಾಗಾಗಿ ಸರಿಯಾದ ಬಿಟ್ಟು ಇಲ್ಲದಾಗ ನಾನು ಮೇಲಿನದಕ್ಕೆ ಹೋಗುತ್ತೇನೆ, ಕೆಳಗಿನದಕ್ಕಲ್ಲ. 6.8 ಇಲ್ಲವೇ? 7 ಹಾಕಿ. ಶೇ. 62 ಸಿಗುತ್ತದೆ. ಗೇಟಿನ ಚಿಲಕಕ್ಕೋ, ಮೋಟರ್ ಸ್ಟ್ಯಾಂಡಿಗೋ ಏನೂ ತೊಂದರೆ ಇಲ್ಲ. 3.3 ಇಲ್ಲದಿದ್ದರೆ 3.5, ಶೇ. 55. ಪರವಾಗಿಲ್ಲ. ಎಂ5ಕ್ಕೆ 4.5 ಮಾತ್ರ ನನಗೆ ಒಪ್ಪಿಗೆ ಇಲ್ಲ, ಶೇ. 48ಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂನಲ್ಲಿ ನಾಲ್ಕು ಸಲ ಬಿಚ್ಚಿ ಹಾಕಿದರೆ ಥ್ರೆಡ್ ಸವೆದು ಫ್ರೀ ಆಗುತ್ತದೆ. ಆಮೇಲೆ ಹೆಲಿಕಾಯಿಲ್, ಅಂದರೆ ಹಾಳಾದ ರಂಧ್ರದೊಳಗೆ ಕೂರಿಸುವ ತಂತಿಯ ಥ್ರೆಡ್, ಹಾಕಿಸಿಕೊಂಡು ಓಡಾಡಬೇಕು. ಅದಕ್ಕೆ ಬೇರೆ ಅಳತೆಯ ಡ್ರಿಲ್ಲು, ಬೇರೆ ಟ್ಯಾಪು.

ಗಿರಾಕಿಯ ಜಾಬಿಗೆ ಮಾತ್ರ ಈ ಧಾರಾಳ ನಡೆಯುವುದಿಲ್ಲ. ಡ್ರಾಯಿಂಗಿನಲ್ಲಿ 6ಎಚ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ದರ್ಜೆ) ಅಂತ ಬರೆದಿದ್ದರೆ ಎಂ8ರ ಒಳ ಅಳತೆ 6.647ರಿಂದ 6.912ರ ಒಳಗೇ ಇರಬೇಕು. 7 ಹಾಕಿದರೆ ಇನ್ಸ್‌ಪೆಕ್ಷನ್‌ನಲ್ಲಿ ವಾಪಸ್ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎಂ6 ಹೊಡೆಯುವಾಗ ನಮ್ಮ ಶೆಡ್ಡಿನಲ್ಲಿ 5ರ ಬದಲು 5.1 ಹಾಕುತ್ತೇವೆ. ಸ್ಟೇನ್‌ಲೆಸ್ ಉಜ್ಜಿದಷ್ಟೂ ಗಟ್ಟಿಯಾಗುತ್ತಾ ಹೋಗುತ್ತದೆ, ಟ್ಯಾಪಿಗೆ ಸ್ವಲ್ಪ ಉಸಿರಾಡಲು ಜಾಗ ಬೇಕು. ಎಂ6ಕ್ಕೆ ಮೇಲಿನ ಮಿತಿ 5.153. ಹಾಗಾಗಿ 5.1 ಪಾಸು, 5.2 ಫೇಲು. 0.1ಕ್ಕೆ ಇಷ್ಟು ಬೆಲೆ ಇರುವ ಕೆಲಸ ಇದು.

ಬಿಟ್ಟಿನ ಮೇಲೆ 5 ಅಂತ ಬರೆದಿದೆ ಅಂದಮಾತ್ರಕ್ಕೆ ರಂಧ್ರ 5 ಆಗುತ್ತದೆ ಅಂತಲೂ ಇಲ್ಲ. ಇದನ್ನು ಕಲಿಸಿದ್ದು ಅಪ್ಪ. ಅವರು ಹರಿಹರದ ಲೇತ್ ಫ್ಯಾಕ್ಟರಿಯಲ್ಲಿ ಇದ್ದವರು. ಮನೆಯ ಹಿಂದಿನ ಶೀಟಿನ ಕೆಳಗೆ ಒಂದು ಬೆಂಚ್ ಗ್ರೈಂಡರ್ ಇಟ್ಟಿದ್ದರು. ಬಿಟ್ಟು ಮೊಂಡಾದರೆ ಕೈಯಲ್ಲೇ ಹಿಡಿದು ಸಾಣೆ ಕೊಡುತ್ತಿದ್ದರು. ಬಲಗೈ ತೋರುಬೆರಳಿನ ಮೇಲೆ ಬಿಟ್ಟು ಮಲಗಿಸಿ, ಎಡಗೈಯಲ್ಲಿ ಹಿಂದಿನ ತುದಿ ಹಿಡಿದು, ಸ್ವಲ್ಪ ಕೆಳಗೆ ಇಳಿಸುತ್ತಾ ಒಂದು ಸುತ್ತು. ಆಮೇಲೆ ಬೆಳಕಿಗೆ ಹಿಡಿದು ಎರಡು ತುಟಿಯೂ ಒಂದೇ ಉದ್ದ ಇದೆಯೇ ಅಂತ ನೋಡುತ್ತಿದ್ದರು. ಬಿಟ್ಟಿನ ಕತ್ತರಿಸುವ ಅಂಚಿಗೆ ತುಟಿ ಅಂತಾರೆ. ಒಂದು ತುಟಿ ಉದ್ದವಾದರೆ ಮೊನೆ ನಡುವಿನಿಂದ ಜರುಗುತ್ತದೆ. ಜರುಗಿದ್ದಕ್ಕಿಂತ ಎರಡರಷ್ಟು ರಂಧ್ರ ದೊಡ್ಡದಾಗುತ್ತದೆ. ನೋಡಲು ಗೊತ್ತೇ ಆಗುವುದಿಲ್ಲ. ಒಂದು ಸುಳುಹು ಇದೆ. ಸರಿ ಇರುವ ಬಿಟ್ಟಿನ ಎರಡೂ ಬದಿಯಿಂದ ಸುರುಳಿ ಚಿಪ್ ಏಳುತ್ತದೆ. ಒಂದೇ ಬದಿಯಿಂದ ಬಂದರೆ ಆ ಬಿಟ್ಟು ಒಂಟಿ ಕಾಲಲ್ಲಿ ಕುಂಟುತ್ತಿದೆ ಅಂತ.

ಕೈ ಡ್ರಿಲ್ಲಿನಲ್ಲಿ ಕೊರೆದರೂ ಅಷ್ಟೇ. ಕೈ ಅಲುಗಿ ರಂಧ್ರದ ಬಾಯಿ ಅಗಲವಾಗುತ್ತದೆ. ನಾನು ಹೊಸ ಬಿಟ್ಟಿನಲ್ಲಿ ಮೊದಲು ಒಂದು ಸ್ಕ್ರ್ಯಾಪ್ ತುಂಡಿಗೆ ಕೊರೆಯುತ್ತೇನೆ. ಆಮೇಲೆ 0.1 ದೊಡ್ಡ ಬಿಟ್ಟಿನ ಹಿಂಬದಿಯ ನುಣುಪು ಭಾಗವನ್ನು ಅದರೊಳಗೆ ತೂರಿಸಿ ನೋಡುತ್ತೇನೆ. ಹೋಯಿತು ಅಂದರೆ ಬಿಟ್ಟು ಸಾಣೆಗೆ. ವರ್ನಿಯರಿನ ಒಳಮೂತಿ ಇಷ್ಟು ಸಣ್ಣ ರಂಧ್ರದಲ್ಲಿ ಸರಿಯಾಗಿ ಹೇಳುವುದಿಲ್ಲ, ಚಿಕ್ಕದಾಗಿಯೇ ತೋರಿಸುತ್ತದೆ.

ಅಪ್ಪನ ಕಾಲದ ಇನ್ನೊಂದು ತಲೆನೋವು ಇಂಚು. ಅವರ ಬಾಯಲ್ಲಿ ಯಾವಾಗಲೂ ಸೂತ್. ಒಂದು ಇಂಚಿಗೆ ಎಂಟು ಸೂತ್. ಮೂರು ಸೂತ್ ಬೋಲ್ಟ್ ಅಂದರೆ 3/8 ಇಂಚು. ನನ್ನ ಶೆಡ್ಡಿನ ಮುದಿ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್. ಮೈಸೂರು ಸಂಸ್ಥಾನದ ಕಾಲದಲ್ಲಿ, 1941ರಲ್ಲಿ ಶುರುವಾದ ಕಂಪನಿ. ಲೇತ್ ಅಷ್ಟು ಹಳೆಯದಲ್ಲ, ಆದರೂ ಅದರಲ್ಲಿ ಇನ್ನೂ ವಿಟ್‌ವರ್ತ್ ಬೋಲ್ಟುಗಳಿವೆ. ಜೋಸೆಫ್ ವಿಟ್‌ವರ್ತ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1841ರಲ್ಲಿ ಮುಂದಿಟ್ಟ ಥ್ರೆಡ್ಡು. ಅದರ ಕೋನ 55 ಡಿಗ್ರಿ. ನಮ್ಮ ಮೆಟ್ರಿಕ್ಕಿನದು 60.

ದಪ್ಪದಿಂದ ಪಿಚ್ ಕಳೆಯುವ ಲೆಕ್ಕ ಅಲ್ಲೂ ನಡೆಯುತ್ತದೆ. 3/8 ವಿಟ್‌ವರ್ತ್‌ಗೆ ಇಂಚಿಗೆ 16 ಥ್ರೆಡ್. 9.525ರಿಂದ 1.59 ಕಳೆದರೆ 7.94. 8ರ ಬಿಟ್ಟು ಸಾಕು. ಕಾಲು ಇಂಚಿನದಕ್ಕೆ ಇಂಚಿಗೆ 20 ಥ್ರೆಡ್, ಡ್ರಿಲ್ 5.1. ಕ್ಯಾಮೆರಾ ಟ್ರೈಪಾಡಿನ ಸ್ಕ್ರೂ ಕೂಡ ಕಾಲು ಇಂಚು, 20 ಥ್ರೆಡ್ಡೇ. ಕ್ಯಾಮೆರಾಗೆ ಸ್ಟ್ಯಾಂಡ್ ಮಾಡಿಕೊಳ್ಳುವವರು ಎಂ6 ಹಾಕಲು ಹೋಗಿ ಹಾಳು ಮಾಡಿಕೊಳ್ಳಬೇಡಿ. ಅರ್ಧ ಇಂಚಿನಲ್ಲಿ ಇನ್ನೊಂದು ಬಲೆ ಇದೆ. ವಿಟ್‌ವರ್ತ್ ಆದರೆ 12 ಥ್ರೆಡ್, ಅಮೆರಿಕನ್ ಯುಎನ್‌ಸಿ ಆದರೆ 13. ಒಂದರ ನಟ್ಟಿಗೆ ಇನ್ನೊಂದರ ಬೋಲ್ಟು ಒಂದೆರಡು ಸುತ್ತು ನಗುತ್ತಾ ಹೋಗುತ್ತದೆ, ಆಮೇಲೆ ಕಚ್ಚಿಕೊಳ್ಳುತ್ತದೆ.

ಎರಡು ವರ್ಷದ ಹಿಂದೆ ನಮ್ಮ ಹೊಸ ಹುಡುಗನೊಬ್ಬ ಆ ಲೇತಿನ ಗಾರ್ಡಿನ ಬೋಲ್ಟು ಕಳೆದುಬಿಟ್ಟ. ನನಗೆ ಹೇಳದೆ 8.5 ಡ್ರಿಲ್ ಹಾಕಿ ಎಂ10 ಟ್ಯಾಪ್ ಇಳಿಸಿದ. ಚಾರ್ಟಿನ ಪ್ರಕಾರ ಸರಿಯೇ. ಆದರೆ ಅಲ್ಲಿ ಮೊದಲೇ 3/8ರ ಕಾಲುವೆ ಇತ್ತಲ್ಲ. ಎತ್ತಿನ ಗಾಡಿ ಜಾಡಿನ ಮೇಲೆ ಅಡ್ಡಾದಿಡ್ಡಿ ನೇಗಿಲು ಹೊಡೆದ ಹಾಗಾಯಿತು. ಅರ್ಧರ್ಧ ಹಲ್ಲು ಉಳಿದು ಬೋಲ್ಟು ಗಡಗಡ ಅಲ್ಲಾಡುತ್ತಿತ್ತು. ಕೊನೆಗೆ 10.2 ಡ್ರಿಲ್ ಹಾಕಿ ಎಂ12 ಮಾಡಿದೆವು. ಮನಸ್ಸಿಗೆ ಬೇಜಾರಾಯಿತು. ಆ ಲೇತಿನಲ್ಲಿ ಮೆಟ್ರಿಕ್ ಬೋಲ್ಟ್ ಅದೊಂದೇ.

ಇದೇ ಹುಡುಗ ಇನ್ನೊಂದು ದಿನ ಫಾರ್ಮಿಂಗ್ ಟ್ಯಾಪನ್ನು ಮಾಮೂಲಿ ಟ್ಯಾಪ್ ಅಂತ ತಿಳಿದು ಹಾಕಿದ. ಅದರಲ್ಲಿ ಚಿಪ್ ಹೋಗುವ ಕಾಲುವೆಗಳೇ ಇರುವುದಿಲ್ಲ. ಅದು ಕತ್ತರಿಸುವುದಿಲ್ಲ, ಲೋಹವನ್ನು ಒತ್ತಿ ಉಬ್ಬಿಸುತ್ತದೆ. ಅದಕ್ಕೆ ಪಿಚ್ಚಿನ ಅರ್ಧ ಮಾತ್ರ ಕಳೆಯಬೇಕು. ಎಂ6ಕ್ಕೆ 5.5. ಇವನು 5 ಕೊರೆದಿದ್ದ. ಮುಂದೇನಾಯಿತು ಅಂತ ಹೇಳಬೇಕಾಗಿಲ್ಲ.

ಸರಿ, ಮೇಲಿನ ಮನೆಯ ಹುಡುಗನ ಹತ್ತಿರ ಬರೋಣ. ಅವನ ಕೆಲಸದಲ್ಲಿ ಇನ್ನೊಂದು ತಪ್ಪೂ ಕಂಡಿತು. ಪ್ಲೇಟಿನ ಮೇಲೆ ಕೂರುವ 3 ಮಿ.ಮೀ. ಮುಚ್ಚಳಕ್ಕೂ ಎಂ5 ಥ್ರೆಡ್ ಹಾಕಲು ಹೊರಟಿದ್ದ. ಎರಡಕ್ಕೂ ಥ್ರೆಡ್ ಇದ್ದರೆ ಇನ್ನೂ ಗಟ್ಟಿ ಅಂತ ಅವನ ತರ್ಕ. ಬಹಳ ಜನ ಹೀಗೆ ಮಾಡುತ್ತಾರೆ. ಎರಡಕ್ಕೂ ಥ್ರೆಡ್ ಇದ್ದರೆ ಸ್ಕ್ರೂ ಎರಡರಲ್ಲೂ ಒಂದೇ ವೇಗದಲ್ಲಿ ಇಳಿಯುತ್ತದೆ. ನಡುವೆ ಕೂದಲೆಳೆಯಷ್ಟು ಸಂದಿ ಇದ್ದರೆ ಆ ಸಂದಿ ಹಾಗೇ ಉಳಿಯುತ್ತದೆ, ಎಷ್ಟು ತಿರುಗಿಸಿದರೂ ಮುಚ್ಚುವುದಿಲ್ಲ. ಮೇಲಿನದರಲ್ಲಿ ಸ್ಕ್ರೂ ಸರಾಗವಾಗಿ ಜಾರಬೇಕು, ಕೆಳಗಿನದು ಹಿಡಿದು ಎಳೆಯಬೇಕು, ಸ್ಕ್ರೂವಿನ ತಲೆ ಮೇಲಿನದನ್ನು ಒತ್ತಬೇಕು. ಹಾಗಾಗಿ ಮುಚ್ಚಳಕ್ಕೆ ಕ್ಲಿಯರೆನ್ಸ್ ರಂಧ್ರ. ಎಂ5ಕ್ಕೆ ಬಿಗಿಯಾಗಿ ಬೇಕಾದರೆ 5.3, ಸಾಮಾನ್ಯಕ್ಕೆ 5.5, ಸಡಿಲಕ್ಕೆ 5.8. ಎಂ6ಕ್ಕೆ 6.4, 6.6, 7. ಎಂ8ಕ್ಕೆ 8.4, 9, 10. ಕೈಯಲ್ಲಿ ಮಾರ್ಕಿಂಗ್ ಮಾಡಿ, ಸೆಂಟರ್ ಪಂಚ್ ಹೊಡೆದು, ನಾಲ್ಕು ರಂಧ್ರ ಹೊಂದಿಸುವವರು ನಡುವಿನ ಅಳತೆ ಹಾಕಿ. ಬಿಗಿ ಅಳತೆ ಹಾಕಿದರೆ ಮೂರು ಸ್ಕ್ರೂ ಕೂರುತ್ತವೆ, ನಾಲ್ಕನೆಯದು ಯಾವತ್ತೂ ಕೂರುವುದಿಲ್ಲ. ಅದೇನು ಶಾಪವೋ.

ಮರದಲ್ಲೂ ಇದೇ ತತ್ವ. ಮನೆಯ ತೇಗದ ಬಾಗಿಲಿಗೆ ಹಿತ್ತಾಳೆ ಕೀಲು ಹಾಕಿಸುವಾಗ ಬಡಗಿ 35×8 ಸ್ಕ್ರೂ ತರಿಸಿದ. 35 ಉದ್ದ ಮಿ.ಮೀ., 8 ದಪ್ಪದ ನಂಬರು. ಆ ನಂಬರನ್ನು 8 ಮಿ.ಮೀ. ಅಂತ ತಿಳಿದವರನ್ನೂ ನೋಡಿದ್ದೇನೆ. ನಂಬರನ್ನು 13ರಿಂದ ಗುಣಿಸಿ 60 ಸೇರಿಸಿದರೆ ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ ಬರುತ್ತದೆ. 8ಕ್ಕೆ 164. ಮಿಲ್ಲಿಮೀಟರಿಗೆ ತಿರುಗಿಸಿದರೆ ಮತ್ತೆ ನಮ್ಮ 4.2! ಬಡಗಿ ತೇಗಕ್ಕೆ ಸುಮ್ನೆ ಮೊಳೆ ಚುಚ್ಚಿ ಗುರುತು ಮಾಡಿ ಸ್ಕ್ರೂ ಇಳಿಸಲು ಶುರು ಮಾಡಿದ. ಎರಡನೇ ಹಿತ್ತಾಳೆ ಸ್ಕ್ರೂವಿನ ಕತ್ತು ಅರ್ಧಕ್ಕೇ ಹಾರಿತು.

ನಾನು 3ರ ಬಿಟ್ಟು ತಂದುಕೊಟ್ಟೆ. ತೇಗ, ಹೊನ್ನೆಯಂಥ ಗಟ್ಟಿ ಮರಕ್ಕೆ ನಂಬರ್ 8ಕ್ಕೆ 3, ಮೆತ್ತನೆಯ ಮರಕ್ಕೆ 2.5. ನೆನಪಿಡುವುದೇ ಬೇಡ. ಬಿಟ್ಟನ್ನು ಸ್ಕ್ರೂವಿನ ಮುಂದೆ ಹಿಡಿದು ಬೆಳಕಿಗೆ ನೋಡಿ. ಸ್ಕ್ರೂವಿನ ನಡು ಮರೆಯಾಗಬೇಕು, ಎರಡೂ ಬದಿಯಲ್ಲಿ ಹಲ್ಲು ಪೂರ್ತಿ ಕಾಣಬೇಕು. ಅಷ್ಟೇ. ಹಿತ್ತಾಳೆಯಾದರೆ ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಇಳಿಸಿ ತೆಗೆಯಿರಿ, ದಾರಿ ಆಗುತ್ತದೆ. ಆಮೇಲೆ ಹಿತ್ತಾಳೆಗೆ ಸ್ವಲ್ಪ ಮೇಣ ಸವರಿ ಇಳಿಸಿ. ಬಡಗಿ ನನ್ನನ್ನು ನೋಡಿ, "ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಾ ಇದ್ದೀನಿ ಗೊತ್ತಾ ಅಮ್ಮಾ" ಅಂದ. ಉಳಿದ ಸ್ಕ್ರೂಗಳಿಗೆಲ್ಲ 3ರ ಬಿಟ್ಟೇ ಹಾಕಿದ, ಅದನ್ನೂ ಹೇಳಬೇಕು.

ಹುಡುಗನ ಪ್ಲೇಟಿನಿಂದ ಟ್ಯಾಪ್ ತೆಗೆದದ್ದು ಪಟಿಕದಿಂದ. ಶೇವಿಂಗ್ ಆದಮೇಲೆ ಗಲ್ಲಕ್ಕೆ ಉಜ್ಜುವ, ಅಂಗಡಿ ಬಾಗಿಲಿಗೆ ದೃಷ್ಟಿಗೆ ಅಂತ ಕಟ್ಟುವ ಅದೇ ಪಟಿಕ. ಬಿಸಿ ಪಟಿಕದ ನೀರು ಉಕ್ಕನ್ನು ನಿಧಾನವಾಗಿ ತಿನ್ನುತ್ತದೆ, ಅಲ್ಯೂಮಿನಿಯಂ, ಹಿತ್ತಾಳೆಯ ತಂಟೆಗೆ ಹೋಗುವುದಿಲ್ಲ. ಪ್ಲೇಟು ಉಕ್ಕಿನದ್ದಾಗಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ. ಅವನ ಟ್ಯಾಪು ಅಗ್ಗದ ಸೆಟ್ಟಿನ ಕಾರ್ಬನ್ ಸ್ಟೀಲ್ ಆಗಿದ್ದದ್ದೂ ಒಳ್ಳೆಯದಾಯಿತು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆಗಿದ್ದರೆ ಇನ್ನೂ ತುಂಬಾ ಹೊತ್ತು ಹಿಡಿಯುತ್ತಿತ್ತು.

ಗ್ರಂದಿಗೆ ಅಂಗಡಿಯಿಂದ ಕಾಲು ಕಿಲೋ ಪಟಿಕ ತರಿಸಿದೆ. ಅಡುಗೆಗೆ ಬಳಸದ ಹಳೆಯ ಅಲ್ಯೂಮಿನಿಯಂ ಪಾತ್ರೆಯಲ್ಲಿ, ಕರಗುವಷ್ಟು ಕರಗಿಸಿ, ಬಾಲ್ಕನಿಯ ಒಲೆಯ ಮೇಲೆ ಇಟ್ಟೆವು. ಕುದಿಯುವ ಮೊದಲಿನ ಬಿಸಿ. ಪ್ಲೇಟು ಮುಳುಗಿಸಿದ ಸ್ವಲ್ಪ ಹೊತ್ತಿಗೆ ರಂಧ್ರದಿಂದ ಸಣ್ಣ ಗುಳ್ಳೆಗಳ ಸಾಲು ಏಳತೊಡಗಿತು. ಹುಡುಗ ಮೊಣಕಾಲೂರಿ ಕೂತು ಅದನ್ನೇ ನೋಡಿದ. ನಮ್ಮತ್ತೆ ಆಗಾಗ ಬಂದು "ಏನು ಬೇಯಿಸ್ತಿದ್ದೀರಿ" ಅಂತ ಇಣುಕಿದರು. ಮಧ್ಯಾಹ್ನದ ಊಟ ಆಯಿತು, ಕಾಫಿ ಆಯಿತು, ನೀರು ಆರಿದಂತೆ ಬಿಸಿ ನೀರು ಸುರಿದೆವು. ರಾತ್ರಿ ಎಂಟರ ಹೊತ್ತಿಗೆ ಟ್ಯಾಪಿನ ತುಂಡು ಕಪ್ಪು ಕೆಸರಾಗಿ, ಸೂಜಿಯಲ್ಲಿ ಕೆದಕಿದರೆ ಉದುರುತ್ತಿತ್ತು.

ಮಾರನೇ ದಿನ ಸಂಜೆ ಅವನು ಶೆಡ್ಡಿಗೇ ಬಂದ. ಡ್ರಿಲ್ಲಿಂಗ್ ಮಶೀನಿನಲ್ಲಿ 4.2 ಹಾಕಿಸಿದೆ. ಬಾಯಿಗೆ ಕೌಂಟರ್‌ಸಿಂಕ್‌ನಿಂದ ಸಣ್ಣ ಇಳಿಜಾರು ಕೊಡಿಸಿದೆ, ಟ್ಯಾಪ್ ನೇರ ಕೂರಲಿ, ಅಂಚಿನಲ್ಲಿ ಚೂಪು ಮುಳ್ಳು (ಬರ್) ಏಳದಿರಲಿ ಅಂತ. ಸೀಮೆಎಣ್ಣೆಯ ಎರಡು ಹನಿ. ಅಲ್ಯೂಮಿನಿಯಂಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒಂದು ಗೆರೆಯ ಟ್ಯಾಪ್ ಹಿಡಿದು, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದೆ ತಿರುಗಿಸಿದಾಗ ಚೂರು ಮುರಿಯುವ ಸಣ್ಣ "ಟಿಕ್" ಕೈಗೆ ತಿಳಿಯುತ್ತದೆ.

"ಇಷ್ಟು ಸುಲಭಾನಾ?" ಅಂದ. ಎರಡು ಬೆರಳಲ್ಲಿ ತಿರುಗಿಸುತ್ತಿದ್ದ.

ಹೊರಡುವಾಗ ಅವನಿಗೆ ಒಂದು 3.3, ಒಂದು 4.2, ಒಂದು 6.8 ಕೊಟ್ಟೆ. ಎಸ್.ಪಿ. ರಸ್ತೆಯಲ್ಲಿ ಬಿಡಿಬಿಡಿಯಾಗಿಯೇ ಸಿಗುತ್ತವೆ. ಒಂದೊಂದಕ್ಕೆ ಒಂದು ಮಸಾಲೆ ದೋಸೆ, ಒಂದು ಕಾಫಿಯ ದುಡ್ಡು. ಹುಡುಗ ಹಳದಿ ಡಬ್ಬಿ ತೆಗೆದ. ಇವಕ್ಕೆ ಅದರಲ್ಲಿ ಗುಂಡಿಗಳೇ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, 4.5ರ ಬಿಟ್ಟನ್ನು ಹೊರಗೆ ತೆಗೆದು, ಅದರ ಗುಂಡಿಯಲ್ಲಿ 4.2 ಇಟ್ಟ. ಡಬ್ಬಿ ಅಲ್ಲಾಡಿಸಿದ. ಒಳಗೆ ಗಲಗಲ ಅಂತು.

"ಕ್ಲಿಯರೆನ್ಸ್," ಅಂದ.

4.5 ಇನ್ನೂ ನನ್ನ ಮೇಜಿನ ಮೇಲೇ ಇದೆ. ವಾಪಸ್ ತೆಗೆದುಕೊಂಡು ಹೋಗಲು ಬಂದಿಲ್ಲ.